ಕೊಕ್ಕೆ ಎಲ್ಲಿಗೆ ಸಿಕ್ಕಿಸಲಿ, ಸಾರ್?

‘ಹೆಲ್ಮೆಟ್ ಕೊಟ್ಟಿದ್ದೇವೆ, ಸೇಫ್ಟಿ ಬೆಲ್ಟ್ ಕೊಟ್ಟಿದ್ದೇವೆ. ದಂಡ ಹಾಕಿದರೆ ಮುಖ ಊದಿಸಿಕೊಳ್ಳುತ್ತಾರೆ, ಬಹುಮಾನ ಇಟ್ಟರೆ ಎರಡು ವಾರ ನೆಟ್ಟಗಿರುತ್ತಾರೆ. ಕಟ್ಟಡ ಕಾರ್ಮಿಕರಿಗೆ ತಮ್ಮ ಜೀವದ ಮೇಲೆ ಆಸೆಯೇ ಇಲ್ಲವೇ?’
– ಸೈಟ್ ಇಂಜಿನಿಯರ್ ಒಬ್ಬರು

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಒಪ್ಪಿದೆ. ನಿಯಮ ಬೇಕು, ಕೆಲವೊಮ್ಮೆ ದಂಡವೂ ಬೇಕು. 1937ರಲ್ಲಿ ಮುಗಿದ ಅಮೆರಿಕದ ಗೋಲ್ಡನ್ ಗೇಟ್ ಸೇತುವೆಯ ಕೆಲಸದಲ್ಲಿ ಹೆಲ್ಮೆಟ್ ಕಡ್ಡಾಯವಾಗಿತ್ತು. ಆದರೆ ಅಲ್ಲಿ ಮುಖ್ಯ ಇಂಜಿನಿಯರ್ ಜೋಸೆಫ್ ಸ್ಟ್ರಾಸ್ ಇನ್ನೊಂದು ಕೆಲಸವನ್ನೂ ಮಾಡಿಸಿದ್ದರು. ಸೇತುವೆಯ ಅಡಿಗೆ ಉದ್ದಕ್ಕೂ ಬಲೆ ಕಟ್ಟಿಸಿದರು. ಬಿದ್ದವರಲ್ಲಿ 19 ಮಂದಿ ಆ ಬಲೆಯಿಂದ ಬದುಕಿದರು. ‘ನರಕದ ಅರ್ಧದಾರಿ ಸಂಘ’ ಎಂದು ತಮಗೆ ತಾವೇ ಹೆಸರಿಟ್ಟುಕೊಂಡು ನಕ್ಕರು. ಅದೇ ವರ್ಷ ಫೆಬ್ರವರಿಯಲ್ಲಿ ಕಳಚಿದ ಅಟ್ಟಣಿಗೆಯೊಂದು ಬಲೆಯನ್ನೇ ಹರಿದುಕೊಂಡು ಹೋಗಿ 10 ಜನ ಸತ್ತರು, ಅದೂ ನಿಜ. ಆದರೂ ಮಾಲೀಕರು ತನ್ನ ಜೀವಕ್ಕೆ ದುಡ್ಡು ಸುರಿದಿದ್ದಾರೆ ಎಂಬುದು ಬಗ್ಗಿ ನೋಡಿದರೆ ಕೆಲಸಗಾರನಿಗೆ ಕಾಣುತ್ತಿತ್ತಲ್ಲ, ಹೆಲ್ಮೆಟ್ಟಿನ ಮಾತು ಅವನ ತಲೆಗೆ ಹೋಗುವುದು ಆಮೇಲೆ.

ವರದಿಗಾರನಾಗಿದ್ದ ಕಾಲದಲ್ಲಿ ನಾನೂ ನಿಮ್ಮ ಹಾಗೇ ಒಬ್ಬ ಹುಡುಗನನ್ನು ಗದರಿದ್ದೆ. ಐದನೇ ಅಂತಸ್ತಿನ ಸಾರವೆಯ ಮೇಲೆ ನಿಂತು ಹೊರಗೋಡೆಗೆ ಗಾರೆ ಬಳಿಯುತ್ತಿದ್ದ. ಸೊಂಟಕ್ಕೆ ಬೆಲ್ಟ್ ಇತ್ತು, ಕೊಕ್ಕೆ ಮಾತ್ರ ಮೊಣಕಾಲ ಹತ್ತಿರ ಜೋಲಾಡುತ್ತಿತ್ತು. ‘ಯಾಕಪ್ಪಾ ಹಾಕಿಲ್ಲ?’ ಎಂದೆ. ಕರಣೆ ಹಿಡಿದ ಕೈಯಲ್ಲೇ ಸುತ್ತ ತೋರಿಸಿ, ‘ಎಲ್ಲಿಗೆ ಸಿಕ್ಕಿಸಲಿ, ಸಾರ್?’ ಎಂದ. ನೋಡಿದೆ. ಅವನು ನಿಂತಿದ್ದ ಬೊಂಬನ್ನು ಬಿಟ್ಟರೆ ಬೇರೆ ಏನೂ ಇರಲಿಲ್ಲ, ಆ ಬೊಂಬೂ ಅಲ್ಲಾಡುತ್ತಿತ್ತು. ಮೇಲೆ ಒಂದು ಗಟ್ಟಿ ಹಗ್ಗ ಎಳೆದಿದ್ದರೆ ಸಾಕಿತ್ತು. ಚದರಡಿ ಲೆಕ್ಕದಲ್ಲಿ ಕೂಲಿ ಬೇರೆ, ಹತ್ತು ಸಲ ಕೊಕ್ಕೆ ಬಿಚ್ಚಿ ಹಾಕಿದರೆ ಆ ಹೊತ್ತಿನ ಕೂಲಿ ಅವನದೇ ಜೇಬಿನಿಂದ ಹೋಗುತ್ತದೆ.

ಬಹುಮಾನದ ಕಥೆಯೂ ಗೊತ್ತು. ‘ಅಪಘಾತವಿಲ್ಲದ ತಿಂಗಳು’ ಎಂದು ಇಡೀ ತಂಡಕ್ಕೆ ಉಡುಗೊರೆ ಘೋಷಿಸಿದ್ದ ಒಂದು ಸೈಟಿನಲ್ಲಿ, ಬೆರಳು ಜಜ್ಜಿಸಿಕೊಂಡ ಸೆಂಟ್ರಿಂಗ್ ಕೆಲಸದವನು ಬಟ್ಟೆ ಸುತ್ತಿದ ಕೈಯನ್ನು ಸಂಜೆಯವರೆಗೂ ಜೇಬಿನಿಂದ ತೆಗೆಯಲಿಲ್ಲ. ಜೊತೆಯವರೇ ಯಾರಿಗೂ ಹೇಳಬೇಡ ಎಂದಿದ್ದರಂತೆ. ನೀವು ಬಹುಮಾನ ಕೊಟ್ಟದ್ದು ಸುರಕ್ಷತೆಗೋ, ಮುಚ್ಚಿಡುವ ಜಾಣತನಕ್ಕೋ?

ಈ ‘ಜೀವದ ಮೇಲೆ ಆಸೆಯಿಲ್ಲ’ ಎಂಬ ಮಾತು ನಿಮ್ಮೊಬ್ಬರದಲ್ಲ ಬಿಡಿ. 1931ರಲ್ಲೇ ಅಮೆರಿಕದ ವಿಮಾ ಕಂಪನಿಯ ಹೈನ್‌ರಿಕ್ ಎಂಬುವರು, ನೂರರಲ್ಲಿ 88 ಅಪಘಾತಗಳಿಗೆ ಕೆಲಸಗಾರರ ತಪ್ಪು ನಡೆಯೇ ಕಾರಣ ಎಂದು ಲೆಕ್ಕ ಕೊಟ್ಟರು. ಲೆಕ್ಕ ಹುಟ್ಟಿದ್ದು ಎಲ್ಲಿಂದ? ವಿಮೆಯ ಕಡತಗಳಿಂದ, ಕಾರ್ಖಾನೆ ಮಾಲೀಕರ ದಾಖಲೆಗಳಿಂದ. ಬಿದ್ದವನನ್ನು ಕೇಳಿದವರು ಯಾರು? ಕಟ್ಟಡ ಕೆಲಸದ ಸುರಕ್ಷತೆಗೆಂದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1988ರಲ್ಲಿ ಮಾಡಿದ 167ನೇ ಒಡಂಬಡಿಕೆ ಇದಕ್ಕೆ ತಿರುಗಿ ಮಾತಾಡುತ್ತದೆ: ಕೆಲಸದ ರೀತಿಯ ಬಗ್ಗೆ ಅಭಿಪ್ರಾಯ ಹೇಳುವುದು ಕಾರ್ಮಿಕನ ಹಕ್ಕು, ಗಂಭೀರ ಅಪಾಯ ಎದುರಿಗಿದ್ದರೆ ಅಲ್ಲಿಂದ ಸರಿದು ನಿಲ್ಲುವುದೂ ಹಕ್ಕು. ನಿಮ್ಮ ಸೈಟಿನಲ್ಲಿ ಒಬ್ಬ ‘ಈ ಸಾರವೆ ಹತ್ತಲ್ಲ’ ಅಂದರೆ ಮೇಸ್ತ್ರಿ ಅವನನ್ನು ನಾಳೆಯೂ ಕರೆಯುತ್ತಾನೆಯೇ? ಅದನ್ನು ನೋಡಿಯೇ ಉಳಿದವರು ನಿಮ್ಮ ಸುರಕ್ಷತಾ ಸಭೆಯಲ್ಲಿ ಬಾಯಿ ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸುವುದು.

ನಮ್ಮ ವೃತ್ತಿಯೇನು ಕಡಿಮೆಯಿಲ್ಲ. ‘ಆಯತಪ್ಪಿ ಬಿದ್ದು ಕಾರ್ಮಿಕ ಸಾವು’ – ಈ ಶೀರ್ಷಿಕೆಯನ್ನು ಎಷ್ಟು ಸಲ ಬರೆದಿದ್ದೇನೋ! ಹಲಗೆ ಮುರಿದಿರಲಿ, ತಡೆಕಂಬಿಯೇ ಇಲ್ಲದಿರಲಿ, ನಮಗೆ ಯಾವಾಗಲೂ ಆಯ ತಪ್ಪುವುದು ಅವನದೇ. ಈಗ ನಮ್ಮ ಉಪಸಂಪಾದಕರಿಗೆ ಆ ಪದ ಹೊಡೆದುಹಾಕಿ ನಿಜವಾದ ಕಾರಣ ಬರೆಯಲು ಹೇಳಿದ್ದೇನೆ. ಎರಡೂವರೆ ಅಕ್ಷರ ಜಾಸ್ತಿಯಾಯಿತು ಎಂದು ಗೊಣಗುತ್ತಾರೆ.

ನಾಳೆ ದಂಡದ ಪುಸ್ತಕ ಕೆಳಗಿಟ್ಟು ಮೇಲೆ ಹತ್ತಿ, ಕೊಕ್ಕೆ ಹಾಕಲು ಎಲ್ಲೆಲ್ಲಿ ಜಾಗವಿಲ್ಲ ಎಂದು ಅವರನ್ನೇ ಕೇಳಿ ಪಟ್ಟಿ ಮಾಡಿ. ನಿಮ್ಮ ಮುಂದಿನ ಪತ್ರದಲ್ಲಿ ಆ ಪಟ್ಟಿ ಬರಲಿ, ಜಾಗ ಕಾದಿರಿಸಿರುತ್ತೇನೆ.