ಥಾರ್‌ಗೆ ಸ್ನಾರ್ಕೆಲ್ ಹಾಕಲು ನಾನೇ ಫೆಂಡರ್ ಕೊರೆಯಬಹುದಾ?

ನಿಮ್ಮ ಪ್ರಶ್ನೆ ಓದಿದೆ. 2016ರ ಡೀಸೆಲ್ ಮಹೀಂದ್ರಾ ಥಾರ್ ಜೀಪ್ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೀರಿ. ಮಳೆಗಾಲದಲ್ಲಿ ತೋಟಕ್ಕೆ ಹೋಗಲು ಹಳ್ಳ ದಾಟಬೇಕು, ಅದಕ್ಕೆ ಸ್ನಾರ್ಕೆಲ್, ಅಂದರೆ ಎಂಜಿನ್‌ಗೆ ಎತ್ತರದಿಂದ ಗಾಳಿ ತರುವ ಪೈಪು, ತರಿಸಿದ್ದೀರಿ. ಈಗ ಚೆನ್ನಾಗಿರುವ ಫೆಂಡರ್‌ಗೆ (ಮುಂದಿನ ಚಕ್ರದ ಮೇಲಿನ ತಗಡಿಗೆ) ತೂತು ಮಾಡಲು ಮನಸ್ಸು ಬರುತ್ತಿಲ್ಲ. ನಾನೇ ಕೊರೆಯಲಾ, ಬೇಡವಾ ಎಂದು ಕೇಳಿದ್ದೀರಿ.

ಕೊರೆಯಬಹುದು. ಆದರೆ ಇವತ್ತೇ ಬೇಡ.

ನಾನು ಸಕಲೇಶಪುರದ ಕಡೆಯವನು. ನನ್ನ ಹಳೇ ಜಿಪ್ಸಿಗೆ ನಾನೇ ಸ್ನಾರ್ಕೆಲ್ ಕೂರಿಸಿದ್ದೇನೆ, ಅದೂ ಎರಡು ಸಲ. ಮೊದಲನೇ ಸಲ ಕೊರೆಯಲು ಕಾಲು ಗಂಟೆ ಸಾಕಾಯಿತು. ಮರುದಿನ ಬೆಳಿಗ್ಗೆ ಗೆಳೆಯರ ಜೊತೆ ಹೊರಡುವುದಿತ್ತು. ಅವಸರದಲ್ಲಿ ತೂತಿನ ಅಂಚಿಗೆ ಬಣ್ಣ ಹಚ್ಚದೆ, ಮೇಲೆ ರಬ್ಬರ್ ಬೀಡಿಂಗ್ ಒತ್ತಿ ಮುಗಿಸಿದೆ. ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೀಡಿಂಗ್ ಪಕ್ಕದ ಬಣ್ಣ ಉಬ್ಬಿತು. ಬೆರಳಲ್ಲಿ ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿಯಿತು. ಬೀಡಿಂಗ್ ನೀರನ್ನು ತಡೆದಿರಲಿಲ್ಲ, ಒಳಗೇ ಹಿಡಿದಿಟ್ಟುಕೊಂಡಿತ್ತು. ಕೊರೆಯುವಾಗ ಉದುರಿದ ಕಬ್ಬಿಣದ ಪುಡಿಯನ್ನೂ ನಾನು ಗುಡಿಸಿರಲಿಲ್ಲ. ಬ್ಯಾಟರಿಯ ಕೆಳಗೆ, ಒಳಗಿನ ತಗಡಿನ ಮೇಲೆ, ಪುಡಿ ಬಿದ್ದ ಕಡೆಯೆಲ್ಲಾ ಕಂದು ಚುಕ್ಕೆ. ನಮ್ಮ ಮಲೆನಾಡಿನ ಮಳೆ ನಿಮಗೂ ಗೊತ್ತಲ್ವಾ, ತಗಡಿಗೆ ಒಣಗಲು ಪುರುಸೊತ್ತೇ ಸಿಗುವುದಿಲ್ಲ.

ಕೊರೆಯುವ ಮೊದಲು ಒಂದು ಮಾತು ಕೇಳುತ್ತೇನೆ. ನಿಮ್ಮ ಹಳ್ಳದ ನೀರು ಎಷ್ಟು ಎತ್ತರ ಬರುತ್ತದೆ? ಕೋಲು ಹಾಕಿ ಅಳೆದಿದ್ದೀರಾ? ಸ್ನಾರ್ಕೆಲ್ ಮಾಡುವ ಕೆಲಸ ಒಂದೇ, ಎಂಜಿನ್ ಉಸಿರಾಡುವ ಬಾಯಿಯನ್ನು ಬಾನೆಟ್ ಒಳಗಿಂದ ಚಾವಣಿಯ ಮಟ್ಟಕ್ಕೆ ತರುವುದು. ಆ ಬಾಯಿಗೆ ನೀರು ನುಗ್ಗಿದರೆ ಸಿಲಿಂಡರ್ ತುಂಬುತ್ತದೆ. ಗಾಳಿಯನ್ನು ಒತ್ತಿದ ಹಾಗೆ ನೀರನ್ನು ಒತ್ತಲು ಪಿಸ್ಟನ್‌ಗೆ ಆಗುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಡೀಸೆಲ್ ಎಂಜಿನ್‌ಗೆ ಈ ಪೆಟ್ಟು ಜಾಸ್ತಿ. ಅದಕ್ಕೇ ನೀರಿನ ಮಧ್ಯೆ ಗಾಡಿ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಹಗ್ಗ ಕಟ್ಟಿ ಎಳೆಸಿ.

ಆದರೆ ಮೊಣಕಾಲುದ್ದದ ನೀರಿಗೆ ಸ್ನಾರ್ಕೆಲ್‌ಗಿಂತ ಮೊದಲು ಬೇಕಾದದ್ದು ಬ್ರೀದರ್ ಪೈಪ್, ಅಂದರೆ ಗಾಡಿಯ ಕೆಳಭಾಗಗಳ ಗಾಳಿಯಾಡುವ ತೂತಿಗೆ ಹಾಕುವ ಪೈಪು. ಎರಡೂ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ), ಇವು ಓಡಿ ಬಿಸಿಯಾಗಿರುತ್ತವೆ. ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ಬ್ರೀದರ್ ತೂತಿನಿಂದ ನೀರು ಎಳೆದುಕೊಳ್ಳುತ್ತದೆ. ಆಮೇಲೆ ಆಯಿಲ್ ಬಿಚ್ಚಿ ನೋಡಿದರೆ ಹಾಲು ಹಾಕಿದ ಕಾಫಿಯ ಬಣ್ಣ. ಅಲ್ಲಿಂದ ಬೇರಿಂಗ್ ಹಾಳು. ಆ ತೂತುಗಳಿಗೆ ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ ಒಳಗೆ ಎತ್ತರಕ್ಕೆ ತಂದು ಕಟ್ಟಿದರೆ ಆಯಿತು. ಖರ್ಚೂ ಕಮ್ಮಿ, ಎಲ್ಲೂ ಕತ್ತರಿಸಬೇಕಾಗಿಲ್ಲ. ಈ ಕೆಲಸ ಬಿಟ್ಟು ಸ್ನಾರ್ಕೆಲ್ ಮಾತ್ರ ಹಾಕಿದ ಗಾಡಿಗಳನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇಷ್ಟಾದ ಮೇಲೂ ಸ್ನಾರ್ಕೆಲ್ ಬೇಕು ಅನಿಸಿದರೆ, ನಿಮ್ಮ ಫೆಂಡರ್ ಕೊರೆಯಬೇಡಿ, ಇನ್ನೊಂದು ಫೆಂಡರ್ ಕೊರೆಯಿರಿ. ಎರಡನೇ ಸಲ ನಾನು ಮಾಡಿದ್ದು ಇದನ್ನೇ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೋ ನಿಮ್ಮೂರಿನ ಟಿಂಕರ್ ಹತ್ತಿರವೋ ಒಂದು ಹಳೇ ಫೆಂಡರ್ ಹುಡುಕಿ. ಫೆಂಡರ್ ಬೋಲ್ಟ್ ಮೇಲೆ ಕೂತಿರುತ್ತದೆ, ಗಾಡಿಯ ಭಾರ ಹೊರುವುದಿಲ್ಲ. ಬಿಚ್ಚಿ ಬೆಂಚಿನ ಮೇಲೆ ಇಟ್ಟು ಕೊರೆದರೆ ಕಬ್ಬಿಣದ ಪುಡಿ ಗಾಡಿಯೊಳಗೆ ಬೀಳುವುದಿಲ್ಲ, ಹಿಂದೆ ವೈರ್ ಇದೆಯಾ ಎಂಬ ಭಯವೂ ಇಲ್ಲ. ಮೂಲ ಫೆಂಡರ್ ಅಟ್ಟದ ಮೇಲೆ ಹಾಗೇ ಇರಲಿ.

ಕಿಟ್ ಜೊತೆ ಬರುವ ಕಾಗದದ ಅಚ್ಚನ್ನು ಕಣ್ಣು ಮುಚ್ಚಿ ನಂಬಬೇಡಿ. ರಟ್ಟಿನಲ್ಲಿ ಕತ್ತರಿಸಿ, ಗಾಡಿಯ ಮೇಲಿರುವ ಫೆಂಡರ್‌ಗೇ ಮೊದಲು ಅಂಟಿಸಿ. ಬಾಗಿಲು ಪೂರ್ತಿ ತೆಗೆಯಿರಿ, ಬಾನೆಟ್ ಎತ್ತಿ, ಎಲ್ಲಿಯಾದರೂ ತಾಗುತ್ತದಾ ನೋಡಿ. ಚಕ್ರದ ಕಡೆಯಿಂದಲೂ ಇಣುಕಿ, ಪೈಪ್ ಒಳಗೆ ಹೋಗುವ ದಾರಿ ಖಾಲಿ ಇರಬೇಕು. ಸರಿ ಎನಿಸಿದ ಮೇಲೆ ಅಚ್ಚನ್ನು ಬೆಂಚಿನ ಮೇಲಿನ ಹಳೇ ಫೆಂಡರ್‌ಗೆ ಅಂಟಿಸಿ, ಬಣ್ಣ ಏಳದಂತೆ ಮಾಸ್ಕಿಂಗ್ ಟೇಪ್ ಹಾಕಿ, ಡ್ರಿಲ್ ಜಾರದಂತೆ ಸೆಂಟರ್ ಪಂಚ್‌ನಿಂದ ಗುರುತು ಹೊಡೆದು, 3 ಮಿ.ಮೀ. ಡ್ರಿಲ್ಲಿನಲ್ಲಿ ಮೊದಲ ತೂತು ಮಾಡಿ, ಆಮೇಲೆ ಹೋಲ್ ಸಾ (ದುಂಡಗೆ ಕತ್ತರಿಸುವ ಗರಗಸದ ಬಿಟ್). ಕಡಿಮೆ ಸ್ಪೀಡು, ಎರಡು ಹನಿ ಎಣ್ಣೆ. ಗ್ರೈಂಡರ್ ಬೇಡವೇ ಬೇಡ, ಅದರ ಶಾಖಕ್ಕೆ ತೂತಿನ ಸುತ್ತಲಿನ ಬಣ್ಣ ಸುಟ್ಟು ಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ಕನ್ನಡಕ ಹಾಕಿಕೊಳ್ಳಿ.

ಕೊರೆದಾದ ಮೇಲೆ ಅರದಿಂದ ಅಂಚು ನಯ ಮಾಡಿ, ತಿನ್ನರ್ ಬಟ್ಟೆಯಲ್ಲಿ ಒರೆಸಿ, ಜಿಂಕ್ ಪ್ರೈಮರ್ ಎರಡು ಕೋಟ್, ಅದರ ಮೇಲೆ ಬಣ್ಣ ಎರಡು ಕೋಟ್. ಒಳಮೈಗೂ ಹಚ್ಚಿ. ಒಂದು ರಾತ್ರಿ ಪೂರ್ತಿ ಒಣಗಲಿ. ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಸ್ನಾರ್ಕೆಲ್ಲಿನ ಬ್ರಾಕೆಟ್ ಹಿಡಿಸುವ ಸಣ್ಣ ಸ್ಕ್ರೂ ತೂತುಗಳಿಗೂ ಇದೇ ಉಪಚಾರ. ಆ ಕಂಬದಲ್ಲಿ ಸ್ಕ್ರೂ ತೂತು ಬಿಟ್ಟು ಬೇರೇನೂ ಕತ್ತರಿಸಬೇಡಿ, ಚಾಸಿಸ್ ಅಂತೂ ಮುಟ್ಟಲೇಬೇಡಿ. ಗಾಡಿಯ ಬಲ ಇರುವುದು ಅವುಗಳಲ್ಲೇ.

ಕಾನೂನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ರೂಪ ಬದಲಿಸುವುದಕ್ಕೆ ಮಿತಿ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಆದ್ದರಿಂದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ. ತೆಗೆಯಿರಿ ಎಂದರೆ ಅಟ್ಟದ ಮೇಲಿನ ಫೆಂಡರ್ ಇದ್ದೇ ಇದೆ.

ಎಲ್ಲಾ ಕೂರಿಸಿ, ಏರ್ ಫಿಲ್ಟರ್ ಡಬ್ಬಿಯ ತಳದಲ್ಲಿ ನೀರಿಳಿಯುವ ತೂತಿದ್ದರೆ ಮುಚ್ಚಿ, ಪೈಪಿನ ಜೋಡಣೆಗಳಿಗೆಲ್ಲಾ ಸೀಲಂಟ್ ಹಾಕಿ ಒಣಗಿಸಿದಿರಿ ಅಂದುಕೊಳ್ಳಿ. ಇನ್ನೂ ಹಳ್ಳಕ್ಕೆ ಹೋಗಬೇಡಿ. ಗಾಡಿಯನ್ನು ಅಂಗಳದಲ್ಲಿ ಐಡಲ್‌ನಲ್ಲಿ ಬಿಟ್ಟು, ಸ್ನಾರ್ಕೆಲ್ಲಿನ ಟೋಪಿ ತೆಗೆದು, ಬಾಯಿಯನ್ನು ಅಂಗೈಯಿಂದ ಮುಚ್ಚಿ. ಎಂಜಿನ್ ಕೆಲವೇ ಸೆಕೆಂಡಿನಲ್ಲಿ ಉಸಿರುಕಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಿದ್ದರೆ ಇನ್ನೆಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ. ನೀರೂ ಅಲ್ಲಿಂದಲೇ ಬರುತ್ತದೆ. ಬಾನೆಟ್ ಎತ್ತಿ, ಜೋಡಣೆಗಳನ್ನು ಒಂದೊಂದಾಗಿ ಮತ್ತೆ ನೋಡಿ.