ಅಜ್ಜನ ಕಾಲದ ತೇಗದ ಕುರ್ಚಿಗೆ ಪೇಂಟ್ ಹೊಡೀಬೇಕಾ, ಪಾಲಿಶ್ ಮಾಡ್ಬೇಕಾ?

ತೇಗ ಅಂದ್ರೆ ದಯವಿಟ್ಟು ಪೇಂಟ್ ಬೇಡ, ಪಾಲಿಶ್ ಮಾಡಿ, ನೀವೇ ಮಾಡ್ಬಹುದು. ಹೈಸ್ಕೂಲಿಂದ ಹಳೇ ಕುರ್ಚಿ ಮೇಜು ಉಜ್ಜಿಕೊಂಡೇ ಬಂದಿದೀನಿ, ಈಗ ನಂಗೆ 58. ಮೊದ್ಲು 120 ನಂಬರ್ ಸ್ಯಾಂಡ್ ಪೇಪರ್, ಆಮೇಲೆ 220, ಯಾವಾಗ್ಲೂ ಮರದ ಎಳೆ ಹೋದ ಕಡೆಗೇ ಉಜ್ಜಿ, ಅಡ್ಡ ಉಜ್ಜಿದ್ರೆ ಆ ಗೀರು ಪಾಲಿಶ್ ಬಿದ್ಮೇಲೆ ಇನ್ನೂ ಎದ್ದು ಕಾಣತ್ತೆ. ಹಳೇ ಪೇಂಟ್ ಇದ್ರೆ ಅದ್ರಲ್ಲಿ ಸೀಸ ಇರಬಹುದು, ಒಣಗಿದ್ದನ್ನ ಹಾಗೇ ಉಜ್ಜಿ ಧೂಳೆಬ್ಬಿಸಬೇಡಿ.

ಇನ್ನು ಪಾಲಿಶ್‌ಗೆ, ಅರಗಿನ ಚಕ್ಕೆನ (ಶೆಲ್ಲಾಕ್ ಅಂತಾರಲ್ಲ, ಅದು) ಮರದ ಪಾಲಿಶ್‌ಗೆ ಬಳಸೋ ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿಕೊಳ್ಳಿ, ಹಳೇ ಪಂಚೆ ತುಂಡಲ್ಲಿ ಹತ್ತಿ ಕಟ್ಟಿ ತೆಳ್ಳಗೆ ಸವರಿ, ಒಣಗಿದ್ಮೇಲೆ ಮತ್ತೆ, ಹೀಗೆ ಎಂಟ್ಹತ್ತು ಸಲ. ಮಳೆಗಾಲದಲ್ಲಿ ಬೇಡ್ವೇ ಬೇಡ, ತೇವಕ್ಕೆ ಬೆಳ್ಳಗೆ ಮಬ್ಬು ಕೂರತ್ತೆ. ಉಜ್ಜಿದ ಜಾಗದಲ್ಲಿ ಒದ್ದೆ ಬೆರಳು ಸವರಿ ನೋಡಿ, ಜೇನಿನ ಬಣ್ಣದ ಎಳೆ ಕಾಣತ್ತಲ್ಲ, ಪೇಂಟ್ ಹೊಡೆದ್ರೆ ಅದೇ ಮುಚ್ಚಿಹೋಗೋದು.