ಸ್ಟೇರಿಂಗ್ ಬಾಕ್ಸ್ ಬದಲಾಯಿಸುವ ಮುಂಚೆ ಕಿಂಗ್‌ಪಿನ್ ನೋಡಿ

ಅಡಿಕೆ ತೋಟದ ಹಳೆ ಮಿನಿ ಟ್ರ್ಯಾಕ್ಟರ್ ಸ್ಟೇರಿಂಗ್ ವಿಪರೀತ ಬಿಗಿಯಾಗಿದೆ, ಬಾಕ್ಸ್ ಬದಲಾಯಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಸುರಿಯಬೇಡಿ. ಪವರ್ ಸ್ಟೇರಿಂಗ್ ಇಲ್ಲದ ಗಾಡಿ ಅಲ್ವಾ, ಮುಂದಿನ ಟೈರಲ್ಲಿ ಗಾಳಿ ಕಮ್ಮಿಯಾದರೂ ಕೈ ಸೋಲುತ್ತದೆ. ಮೊದಲು ಅದನ್ನು ನೋಡಿ.

ಆಮೇಲೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ ಎತ್ತಿ, ಕೆಳಗೆ ಗಟ್ಟಿ ದಿಮ್ಮಿ ಇಡಿ. ಬರೀ ಜ್ಯಾಕ್ ನಂಬಬೇಡಿ. ಡ್ರ್ಯಾಗ್ ಲಿಂಕ್, ಅಂದರೆ ಸ್ಟೇರಿಂಗ್ ಬಾಕ್ಸನ್ನು ಮುಂದಿನ ಚಕ್ರಕ್ಕೆ ಜೋಡಿಸುವ ಸರಳು, ಕಳಚಿ ಸ್ಟೇರಿಂಗ್ ತಿರುಗಿಸಿ. ಸಲೀಸಾಗಿ ತಿರುಗಿದರೆ ಬಾಕ್ಸ್ ಸರಿ ಇದೆ, ಹಿಡಿದಿರುವುದು ಹೆಚ್ಚಾಗಿ ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ಆಚೀಚೆ ತಿರುಗಲು ಆಧಾರವಾಗಿರುವ ಪಿನ್.

ತೋಟದ ಕೆಸರಲ್ಲಿ ಓಡಾಡುವ ಗಾಡಿಗಳಿಗೆ ಜಾಸ್ತಿ ಆಗೋದು ಇದೇ. ಕಿಂಗ್‌ಪಿನ್‌ಗೆ ಗ್ರೀಸ್ ತುಂಬುವ ಸಣ್ಣ ನಿಪ್ಪಲ್ ಒಳಗೆ ಹಳೆ ಗ್ರೀಸ್ ಗಟ್ಟಿಯಾಗಿರುತ್ತದೆ. ಗ್ರೀಸ್ ಗನ್ ಎಷ್ಟು ಒತ್ತಿದರೂ ಹೊಸದು ಪಕ್ಕದಿಂದಲೇ ಹೊರಗೆ ಬರುತ್ತದೆ. ನಿಪ್ಪಲ್ ಬಿಚ್ಚಿ ಡೀಸೆಲಲ್ಲಿ ತೊಳೆಯಿರಿ, ತೂತನ್ನು ತಂತಿಯಿಂದ ಕೆದಕಿ. ಚಕ್ರ ಎತ್ತಿರುವಾಗಲೇ ಗ್ರೀಸ್ ಹೊಡೆಯಿರಿ. ಭಾರ ಕೂತಿದ್ದರೆ ಬೇರಿಂಗ್ ಸಂದಿಗೆ ಅದು ಸರಿಯಾಗಿ ಇಳಿಯುವುದಿಲ್ಲ. ಕಪ್ಪು ಗ್ರೀಸ್ ಪೂರ್ತಿ ಹೋಗಿ ಹೊಸ ಬಣ್ಣ ಕಾಣುವವರೆಗೆ, ಚಕ್ರ ಆಚೀಚೆ ತಿರುಗಿಸುತ್ತಾ ಹೊಡೆಯುತ್ತಿರಿ.

ಬಾಕ್ಸೇ ಬಿಗಿ ಇದ್ದರೆ ಆಯಿಲ್ ಇದೆಯಾ ನೋಡಿ. ಸ್ಟೇರಿಂಗ್‌ನ ಪ್ಲೇ (ಸಡಿಲು ಆಟ) ತೆಗೆಯಲು ಯಾರಾದರೂ ಬಾಕ್ಸ್‌ನ ಅಡ್ಜಸ್ಟಿಂಗ್ ಸ್ಕ್ರೂ ಅತಿಯಾಗಿ ಬಿಗಿ ಮಾಡಿದ್ದರೂ ಹೀಗಾಗುತ್ತದೆ. ಚಕ್ರ ನೇರ ಇಟ್ಟು, ಲಾಕ್‌ನಟ್ ಸಡಿಲಿಸಿ, ಸ್ಕ್ರೂ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಿರುಗಿಸಿ ನೋಡಿ.